ಮೂರು ಮೀಟರ್ ದಾರಿ, ಒಂದು ಕುರ್ಚಿ

ಧಾರವಾಡದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ತೆರೆದ ಮೊದಲ ವರ್ಷಗಳಲ್ಲಿ, ಮೊಣಕಾಲು ಬದಲಿಸಿಕೊಂಡು ಬಂದವರಲ್ಲಿ ನಾನು ನೋಡುತ್ತಿದ್ದದ್ದು ಎರಡೇ: ಕಾಲು ಎಷ್ಟು ಮಡಚುತ್ತದೆ, ಎಷ್ಟು ನೆಟ್ಟಗಾಗುತ್ತದೆ. ಕೀಲಿನ ಕೋನ ಅಳೆಯುವ ಗೋನಿಯೊಮೀಟರ್ ಇಟ್ಟು 90, 100, 110 ಡಿಗ್ರಿ ಅಂತ ಫೈಲಿಗೆ ಬರೆದರೆ ಆಯಿತು. ಮನೆಯವರು ಕೇಳುವುದೂ ಅದನ್ನೇ: "ಎಷ್ಟ್ ಬೆಂಡ್ ಆತ್ರೀ ಸರ್?"

ಈ ಅಭ್ಯಾಸ ಬಿಡಿಸಿದವರು ಒಬ್ಬ ನಿವೃತ್ತ ಟೀಚರಮ್ಮ. ಆಪರೇಷನ್ ಆಗಿ ನಾಲ್ಕು ವಾರ, ಕಾಲು 110 ಡಿಗ್ರಿ ಮಡಚುತ್ತಿತ್ತು. "ನೋವು ಮದ್ಲಿನ ಕಾಲುಭಾಗನೂ ಇಲ್ರೀ, ಭಾಳ ಆರಾಮ ಅದೇನಿ" ಅಂದರು. ನಾನೂ ಖುಷಿಯಿಂದ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಸೊಸೆ ಮೆಲ್ಲಗೆ, "ಅತ್ತಿ ಬಚ್ಚಲಕ್ಕ ಹೋಗಿ ಬರೂದ್ರಾಗ ಒಲಿ ಮ್ಯಾಲಿನ ಹಾಲು ಉಕ್ಕಿ ಹೋಗ್ತದ್ರೀ ಸರ್" ಅಂದಳು.

ಆ ದಿನ ಸ್ಟಾಪ್‌ವಾಚ್ ತೆಗೆದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂಡಬೇಕು. 1991ರಿಂದ ಬಳಕೆಯಲ್ಲಿರುವ 'ಟೈಮ್ಡ್ ಅಪ್ ಅಂಡ್ ಗೋ' ಪರೀಕ್ಷೆ. ಆಪರೇಷನ್ನಿಗೆ ಮುಂಚೆ ಬಂದಿದ್ದಾಗ ಹೇಗೋ ಒಮ್ಮೆ ಅಳೆದಿದ್ದೆ, 13 ಸೆಕೆಂಡು. ಈಗ 19! ನೋವು ಇಳಿದಿತ್ತು, ನಡಿಗೆಯೂ ಇಳಿದಿತ್ತು. ಆಮೇಲೆ ಓದಿದಾಗ ತಿಳಿಯಿತು, ಇದು ಅಚ್ಚರಿಯ ವಿಷಯವೇ ಅಲ್ಲ. ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳುವುದುಂಟು. ನೋವು, ಓಡಾಟದ ಬಗ್ಗೆ ಕೇಳುವ ಪ್ರಶ್ನಾವಳಿ ತುಂಬಿಸಿದರೆ ರೋಗಿ ನೋವನ್ನು ನೆನೆದು ಉತ್ತರ ಕೊಡುತ್ತಾರೆ, ಬಲವನ್ನು ನೆನೆದಲ್ಲ.

ಅಳೆಯುವುದು ಕಲಿಯುವಾಗ ನಾನೂ ಎಡವಿದೆ. ಒಬ್ಬರು ವಾರದಲ್ಲಿ ಮೂರು ಸೆಕೆಂಡು ಬೇಗ ಬಂದರು ಅಂತ ಬೀಗಿದ್ದೆ. ನೋಡಿದರೆ ಹಳೆಯ ಕಬ್ಬಿಣದ ಕುರ್ಚಿಯ ಜಾಗದಲ್ಲಿ ಎತ್ತರದ, ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಇತ್ತು. ಅಂದಿನಿಂದ ಒಂದೇ ಕುರ್ಚಿ, ಆಸನ ನೆಲದಿಂದ 46 ಸೆಂಟಿಮೀಟರ್, ಹಿಂದೆ ಗೋಡೆ. ನೆಲಕ್ಕೆ ಬಣ್ಣದ ಟೇಪ್. ಕೋಲು ಹಿಡಿದಿದ್ದರೆ ಅದನ್ನೂ ಬರೆಯುತ್ತೇನೆ. ಚಪ್ಪಲಿ ಬದಲಾದರೂ ಬರೆಯುತ್ತೇನೆ. "ಲಗೂ ಲಗೂ ನಡೀ ಆಯಿ" ಅಂತ ಹುರಿದುಂಬಿಸುವ ಮೊಮ್ಮಕ್ಕಳನ್ನು ಹೊರಗೆ ಕೂಡಿಸುತ್ತೇನೆ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಇನ್ನೊಂದು ಎಚ್ಚರ: ಈ ಆಪರೇಷನ್ ಆಗುವವರಲ್ಲಿ ಎರಡೂವರೆ ಸೆಕೆಂಡಿನೊಳಗಿನ ವ್ಯತ್ಯಾಸ ಅಳತೆಯ ಏರುಪೇರೇ ಇರಬಹುದು, ಅದನ್ನು ಸುಧಾರಣೆ ಅಂತ ಎಣಿಸುವಂತಿಲ್ಲ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅನ್ನುವ ಪರೀಕ್ಷೆಯಲ್ಲಾದರೆ ಈ ಮಿತಿ ಸುಮಾರು 60 ಮೀಟರ್. ಆ ನಡಿಗೆಗೆ 30 ಮೀಟರ್ ಉದ್ದದ ದಾರಿ ಬೇಕು. ನನ್ನ ಕಾರಿಡಾರು 15. ತಿರುವು ಹೆಚ್ಚಾದಷ್ಟೂ ದೂರ ಕಡಿಮೆ ಬರುತ್ತದೆ. ಹಾಗಾಗಿ ನನ್ನ ಅಂಕಿಯನ್ನು ಬೇರೆ ಊರಿನ ಆಸ್ಪತ್ರೆಯದಕ್ಕೆ ಹೋಲಿಸುವುದಿಲ್ಲ, ಅದೇ ರೋಗಿಯ ಹಿಂದಿನ ಅಂಕಿಗೆ ಮಾತ್ರ. 30 ಸೆಕೆಂಡಿನಲ್ಲಿ ಎಷ್ಟು ಸಲ ಕೈ ಊರದೆ ಎದ್ದು ಕೂಡುತ್ತಾರೆ ಅನ್ನುವುದಕ್ಕೆ ಜಾಗದ ತಕರಾರಿಲ್ಲ, ಅದನ್ನು ಬಿಡುವುದೇ ಇಲ್ಲ.

ಟೀಚರಮ್ಮನಿಗೆ ಬೆಂಡ್ ಹೆಚ್ಚಿಸುವುದು ಬಿಟ್ಟು ತೊಡೆಯ ಬಲಕ್ಕೆ ದುಡಿಸಿದೆ: ಎದ್ದು ಕೂಡುವುದು, ಮೆಟ್ಟಿಲು, ಕಾಲಿಗೆ ಮರಳಿನ ಚೀಲ. ಮೂರು ತಿಂಗಳಿಗೆ 10 ಸೆಕೆಂಡಿಗೆ ಬಂದರು.

ಪ್ರಶ್ನಾವಳಿಗಳ ಮೇಲೆ ಮಾತ್ರ ನನಗಿನ್ನೂ ಸಿಟ್ಟಿದೆ. ಸ್ನಾನದ ತೊಟ್ಟಿಯೊಳಗೆ ಇಳಿದು ಏಳಲು ಕಷ್ಟವೇ ಅಂತ ಕೇಳುವ ವೊಮ್ಯಾಕ್ (ಮೊಣಕಾಲು, ಸೊಂಟದ ಸಂಧಿವಾತದವರಿಗೆ ಕೊಡುವ ಪ್ರಶ್ನಾವಳಿ) ಹಾಳೆಯನ್ನು ಬಚ್ಚಲಕಲ್ಲಿನ ಮೇಲೆ ತಂಬಿಗೆ ಹಿಡಿದು ಮೀಯುವವರ ಮುಂದೆ ಹೇಗೆ ಇಡುವುದು? ಅದರ ಅಂಚಿನಲ್ಲಿ ನನ್ನವೇ ಎರಡು ಪ್ರಶ್ನೆ ಬರೆದುಕೊಂಡಿದ್ದೇನೆ: ಬಸ್ಸಿನ ಮೊದಲ ಮೆಟ್ಟಿಲು ಯಾವ ಕಾಲಿಂದ ಹತ್ತಿದಿರಿ? ಪಂಗ್ತಿಯಲ್ಲಿ ನೆಲಕ್ಕೆ ಕೂತಿರಾ, ಕುರ್ಚಿ ಕೇಳಿದಿರಾ? ಎರಡನೆಯದಕ್ಕೆ ಟೀಚರಮ್ಮ ಇವತ್ತಿಗೂ ನೇರ ಉತ್ತರ ಕೊಟ್ಟಿಲ್ಲ.