ಮುತ್ತಜ್ಜಿಗೆ ಮತದ ಹಕ್ಕಿತ್ತೇ ಎಂದು ತಿಳಿಯುವ ಬಗೆ

ಬ್ರಿಟಿಷರ ಕಾಲದಲ್ಲಿ ನಮ್ಮ ಮನೆಯ ಹಿರಿಯ ಹೆಂಗಸೊಬ್ಬರು ಮತದಾರರಾಗಿದ್ದರೇ ಎಂದು ತಿಳಿಯಬೇಕಾದರೆ, ಮೊದಲು ಅವರ ಊರು ಆಗ ಯಾರ ಆಡಳಿತದಲ್ಲಿತ್ತೆಂದು ಗೊತ್ತುಮಾಡಿಕೊಳ್ಳಬೇಕು. ಮಂಗಳೂರು, ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಧಾರವಾಡ, ಬೆಳಗಾವಿ, ಕಾರವಾರ ಮುಂಬಯಿ ಪ್ರಾಂತ್ಯಕ್ಕೆ. ಮೈಸೂರು, ಹೈದರಾಬಾದ್ ಸಂಸ್ಥಾನಗಳ ದಾರಿಯೇ ಬೇರೆಯಾದ್ದರಿಂದ ಮುಂದಿನ ಲೆಕ್ಕ ಅಲ್ಲಿಯ ಊರುಗಳಿಗೆ ಹೊಂದುವುದಿಲ್ಲ.

ಅನಂತರ ಇಸವಿಯನ್ನು ನೋಡಬೇಕು. 1917ರಲ್ಲಿ ಸರೋಜಿನಿ ನಾಯ್ಡು ನೇತೃತ್ವದ ನಿಯೋಗ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಬೇಡಿಕೆಯಿಟ್ಟಿದ್ದರೂ, 1919ರ ಕಾಯ್ದೆ ಹೆಂಗಸರಿಗೆ ಮತ ಕೊಡದೆ ತೀರ್ಮಾನವನ್ನು ಪ್ರಾಂತಗಳ ಶಾಸನಸಭೆಗಳಿಗೆ ಬಿಟ್ಟಿತು. ಮದ್ರಾಸ್, ಮುಂಬಯಿ ಎರಡೂ 1921ರಲ್ಲಿ ಒಪ್ಪಿದ್ದರಿಂದ 1920ರ ಚುನಾವಣೆಯ ಕಡತದಲ್ಲಿ ಹುಡುಕಿ ಫಲವಿಲ್ಲ. ಉಮೇದುವಾರರಾಗುವ ಹಕ್ಕು ಇನ್ನೂ ತಡವಾಗಿ ಬಂತು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು.

ನಿಜವಾದ ಕೆಲಸವಿರುವುದು ಮನೆಯ ಟ್ರಂಕಿನಲ್ಲಿ. ಗಂಡಸರಿಗಿದ್ದ ಆಸ್ತಿಯ ಷರತ್ತೇ ಹೆಂಗಸರಿಗೂ ಇದ್ದುದರಿಂದ, ಜಮೀನಿನ ಹಳೆಯ ಪಟ್ಟೆ, ಕಂದಾಯದ ರಶೀದಿಗಳನ್ನು ಬಿಡಿಸಿ, ಹಣ ಕಟ್ಟಿದವರು ಯಾರೆಂಬುದಕ್ಕಿಂತ ಅವು ಯಾರ ಹೆಸರಿನಲ್ಲಿವೆ ಎಂಬುದನ್ನು ಓದಬೇಕು. ಬದುಕೆಲ್ಲ ಗದ್ದೆಯಲ್ಲಿ ದುಡಿದವಳ ಹೆಸರು ಒಂದು ರಶೀದಿಯಲ್ಲೂ ಇಲ್ಲದಿರುವುದನ್ನು ಕಂಡಾಗ, ಕಾಗದದ ಮೇಲೆ ಸಮಾನವೆನಿಸಿದ ಆ ಷರತ್ತು ಎಷ್ಟು ಅನ್ಯಾಯದ್ದೆಂದು ತಿಳಿಯುತ್ತದೆ. ಅಳಿಯಕಟ್ಟಿನ ಕುಟುಂಬಗಳಲ್ಲಿ ಇನ್ನಷ್ಟು ಎಚ್ಚರ ಬೇಕು: ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದುಬಂದರೂ ಯಜಮಾನಿಕೆ ಸೋದರಮಾವನ ಕೈಯಲ್ಲಿದ್ದು, ರಶೀದಿಯೂ ಅವನ ಹೆಸರಿಗೇ ಇರಬಹುದು.

1937ರ ಚುನಾವಣೆಯ ಪಟ್ಟಿಯನ್ನು ನೋಡುವಾಗ ಗಂಡನ ಕಾಗದಗಳೂ ಬೇಕಾಗುತ್ತವೆ. 1935ರ ಕಾಯ್ದೆಯಡಿ ಅಕ್ಷರಸ್ಥೆಯರೂ ನಿಗದಿತ ಆಸ್ತಿಯುಳ್ಳವರ ಹೆಂಡಿರೂ ಸೇರಿ ಸುಮಾರು 60 ಲಕ್ಷ ಹೆಂಗಸರು ಮತದಾರರಾದರು. ಹೆಂಡತಿಯೆಂಬ ಕಾರಣಕ್ಕೆ ಮತ ಕೊಡುವುದನ್ನು ಅಂದಿನ ಮಹಿಳಾ ಸಂಘಟನೆಗಳು ವಿರೋಧಿಸಿದ್ದವು, ಮತ್ತು ಅವರ ವಿರೋಧ ಸರಿಯಾದುದೇ ಆಗಿತ್ತು.

ಮುತ್ತಜ್ಜಿಯ ಹೆಸರಿನಲ್ಲಷ್ಟೇ ಹುಡುಕಿ ಕೈಬಿಡಬಾರದು. ಹೊರಗಿನವರಿಗೆ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದು ಬರೆಸುವ ರೂಢಿ ಎಷ್ಟು ಬಲವಾಗಿತ್ತೆಂದರೆ, ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯ ಪಟ್ಟಿಯಿಂದ ಇದೇ ಕಾರಣಕ್ಕೆ ಸುಮಾರು 28 ಲಕ್ಷ ಹೆಂಗಸರನ್ನು ತೆಗೆದುಹಾಕಬೇಕಾಯಿತು. ಆದ್ದರಿಂದ ಮುತ್ತಜ್ಜನ ಮತ್ತು ಮುತ್ತಜ್ಜಿಯ ತಂದೆಯ ಹೆಸರುಗಳನ್ನೂ ಬರೆದುಕೊಂಡೇ ಪತ್ರಾಗಾರಕ್ಕೆ ಹೋಗಿರಿ.