ರಾತ್ರಿ ಫೋನ್ ಬಂದರೆ ಮಕ್ಕಳ ಪಕ್ಕ ಯಾರು?

ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೊತೆಗಿದ್ದು ನೆರವಾಗುವ ಡೌಲಾ ಕೆಲಸವನ್ನು ನಾನು ಶುರು ಮಾಡಿದಾಗ ಮಗಳಿಗೆ 5 ವರ್ಷ, ಮಗನಿಗೆ 14 ತಿಂಗಳು. ಈಗ ನಾನು ಓದಿ, ಪರೀಕ್ಷೆ ಬರೆದು, ನೋಂದಣಿ ಮಾಡಿಸಿಕೊಂಡ ಸೂಲಗಿತ್ತಿ. ಈ ನಡುವೆ 9 ವರ್ಷ ಕಳೆದಿದೆ. ಈ ಕೆಲಸಕ್ಕೆ ಬರಬೇಕು ಅನ್ನುವ ತಾಯಂದಿರು ನನ್ನನ್ನು ಮೊದಲು ಕೇಳುವುದು, ಯಾವ ಕೋರ್ಸ್ ಮಾಡಲಿ ಅಂತ. ನಾನು ತಿರುಗಿ ಕೇಳುವುದು ಒಂದೇ ಮಾತು. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ನಿಮ್ಮ ಮಕ್ಕಳ ಪಕ್ಕ ಯಾರು ಮಲಗುತ್ತಾರೆ?

ಹೆದರಿಸಲಿಕ್ಕೆ ಹೀಗೆ ಕೇಳುವುದಿಲ್ಲ. ನಾನು ಮೊದಲು ಕೋರ್ಸ್ ಮುಗಿಸಿ, ಮನೆಯ ಏರ್ಪಾಡನ್ನು ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡಿದ್ದೆ. ಅದರಿಂದ ಒಬ್ಬ ತಾಯಿಗೆ ತೊಂದರೆಯಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಡೌಲಾ ಅನ್ನುವುದು ಗ್ರೀಕ್ ಪದ. ಸೇವೆ ಮಾಡುವ ಹೆಂಗಸು ಅಂತ ಅರ್ಥ. ತಾಯಿಗೆ ನೆರವಾಗುವ ಹೆಂಗಸರಿಗೆ ಈ ಹೆಸರನ್ನು ಬಳಸಿದವರು ಮಾನವಶಾಸ್ತ್ರಜ್ಞೆ ಡೇನಾ ರಾಫೆಲ್, 1973ರಲ್ಲಿ. ಡೌಲಾ ಒಳಪರೀಕ್ಷೆ ಮಾಡುವುದಿಲ್ಲ, ಇಂಜೆಕ್ಷನ್ ಕೊಡುವುದಿಲ್ಲ, ಮಗುವಿನ ಎದೆಬಡಿತ ನೋಡುವುದಿಲ್ಲ. ಜೊತೆಗಿರುತ್ತಾಳೆ, ಅಷ್ಟೇ. ಆದರೆ ಆ ಜೊತೆಗಿರುವಿಕೆಗೆ ಬೆಲೆ ಜಾಸ್ತಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆಯಲ್ಲಿ 26 ಅಧ್ಯಯನಗಳ, 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ಒಟ್ಟುಮಾಡಿ ನೋಡಿದ್ದರು. ಹೆರಿಗೆಯಲ್ಲಿ ಬಿಡದೆ ಜೊತೆಗೆ ಒಬ್ಬರಿದ್ದವರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಸ್ವಲ್ಪ ಕಡಿಮೆ ಅಂತ ಕಂಡುಬಂತು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಬಿಡದೆ’ ಅನ್ನುವ ಪದ. ಆಗಾಗ ಬಂದು ಹೋಗುವುದಲ್ಲ. ಸಣ್ಣ ಮಕ್ಕಳ ತಾಯಿ ಒಬ್ಬಳೇ ಕೊಡಲಾಗದ ಮಾತು ಅದು. ಅವಳ ಬೆನ್ನ ಹಿಂದೆ ಜನ ಇರಬೇಕು.

ಲೆಕ್ಕ ಹೇಳುತ್ತೇನೆ. ವೈದ್ಯರು ಕೊಟ್ಟ ತಾರೀಕಿನಂದೇ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು 5, ಅಷ್ಟೇ. ಹಾಗಾಗಿ 38 ವಾರ ತುಂಬಿದ ದಿನದಿಂದ 42 ವಾರದವರೆಗೆ ಕರೆ ಯಾವಾಗ ಬೇಕಾದರೂ ಬರಬಹುದು. ಒಬ್ಬ ಬಸುರಿಗೆ 28 ರಾತ್ರಿ. ತಿಂಗಳಿಗೆ ಇಬ್ಬರನ್ನು ಒಪ್ಪಿಕೊಂಡರೆ ವರ್ಷದಲ್ಲಿ ಒಂದು ರಾತ್ರಿಯೂ ಫೋನ್ ದೂರ ಇಟ್ಟು ಮಲಗುವಂತಿಲ್ಲ. ಕೈಯಲ್ಲಿರುವ ಹೆರಿಗೆಗಳನ್ನು ಎಣಿಸಬೇಡಿ, ರಾತ್ರಿಗಳನ್ನು ಎಣಿಸಿ. ನಾನು ಮೊದಲ ವರ್ಷ ಎರಡು ತಿಂಗಳಿಗೆ ಒಬ್ಬರಂತೆ ಆರೇ ಜನರನ್ನು ಒಪ್ಪಿಕೊಂಡೆ. ಅದೂ ಹೆಚ್ಚಾಯಿತು.

ಮೂರನೆಯವಳ ಹೆರಿಗೆ. ಅವಳ ಜೊತೆ 9 ಗಂಟೆ ಕಳೆದಿದ್ದೆ. ಗರ್ಭಕೋಶದ ಬಾಯಿ 7 ಸೆಂಟಿಮೀಟರ್ ತೆರೆದಿದೆ ಅಂತ ನರ್ಸ್ ಆಗ ತಾನೇ ಹೇಳಿ ಹೋಗಿದ್ದರು. ನನ್ನ ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ನನ್ನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯವರಿಂದ ಫೋನ್ ಬಂತು. ಅವರ ಮಗುವಿಗೇ ಜ್ವರ ಏರಿದೆ, ಆಸ್ಪತ್ರೆಗೆ ಹೊರಟಿದ್ದೇವೆ, ಬೇಗ ಬನ್ನಿ ಅಂದರು. ಅವರನ್ನು ದೂರುವ ಹಾಗಿರಲಿಲ್ಲ. ಗೊತ್ತಿದ್ದ ಇನ್ನೊಬ್ಬ ಡೌಲಾಗೆ ಫೋನ್ ಮಾಡಿದೆ. ಬರಲು 50 ನಿಮಿಷ ಬೇಕು ಅಂದಳು. ನಾನು ಹೊರಟೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಆ ಹುಡುಗಿ ಮಂಚದ ಕಂಬಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಇನ್ನೊಬ್ಬ ಡೌಲಾ ತಲುಪುವ ಮೊದಲೇ ಮಗು ಹುಟ್ಟಿತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ನಾನು ವಾರದ ನಂತರ ಹೋಗಿ ಕ್ಷಮೆ ಕೇಳಿದೆ, ಅರ್ಧ ಹಣ ವಾಪಸ್ ಕೊಟ್ಟೆ. ಅವಳು ‘ಪರವಾಗಿಲ್ಲ’ ಅಂದಳು. ಪರವಾಗಿಲ್ಲ ಅನ್ನುವಂಥದ್ದು ಅದಾಗಿರಲಿಲ್ಲ.

ಮುಂದಿನ ನಾಲ್ಕು ತಿಂಗಳು ಯಾರನ್ನೂ ಒಪ್ಪಿಕೊಳ್ಳಲಿಲ್ಲ. ಆ ಸಮಯದಲ್ಲಿ ಮನೆಯ ಏರ್ಪಾಡು ಕಟ್ಟಿದೆ. ಮೊದಲನೆಯವರು ಗಂಡ. ಎರಡನೆಯವಳು ನನ್ನಕ್ಕ. ಮೂರನೆಯವರು ಸಂಬಳಕ್ಕೆ ಬರುವ ಒಬ್ಬ ಹೆಂಗಸು, ರಾತ್ರಿಯೂ ಬರಲು ಒಪ್ಪಿದವರು. ಮೂವರಿಗೂ ಮನೆಯ ಕೀಲಿ ಕೊಟ್ಟೆ. ಮಗ ಯಾವ ಹೊದಿಕೆ ಇಲ್ಲದಿದ್ದರೆ ಮಲಗುವುದಿಲ್ಲ, ಮಗಳ ಸ್ಕೂಲ್ ವ್ಯಾನ್ ಎಷ್ಟು ಹೊತ್ತಿಗೆ, ಜ್ವರದ ಔಷಧಿ ಎಲ್ಲಿದೆ, ಎಲ್ಲ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಮುಖ್ಯವಾದದ್ದು, ಈ ಮೂವರ ಜೊತೆಗೂ ಮಕ್ಕಳು ಮೊದಲೇ ರಾತ್ರಿ ಕಳೆದು ರೂಢಿಯಾಗಬೇಕು. ನಿಜವಾದ ಕರೆ ಬರುವ ಮೊದಲು ನಾನು ಸುಮ್ನೆ ಬೇರೆ ಕಡೆ ಹೋಗಿ ಮಲಗಿ, ಎರಡು ಮೂರು ಸಲ ಅಭ್ಯಾಸ ಮಾಡಿಸಿದೆ. ಮೊದಲ ರಾತ್ರಿ ಮಗ ಒಂದು ಗಂಟೆ ಅತ್ತನಂತೆ. ಮೂರನೆಯ ಸಲ ನಿದ್ದೆಗಣ್ಣಿನಲ್ಲೇ ಅಕ್ಕನ ಸೆರಗು ಹಿಡಿದು ಮಲಗಿದ.

ಕೆಲಸದ ಕಡೆಯೂ ಜೋಡಿ ಬೇಕು. ನಾವು ಇಬ್ಬರು ಡೌಲಾಗಳು ಒಟ್ಟಾದೆವು. ಬಸುರಿಗೆ 36 ವಾರ ಆಗುವ ಮೊದಲು ಇಬ್ಬರೂ ಹೋಗಿ ಮಾತಾಡಿಸಿ ಬರುತ್ತಿದ್ದೆವು. ಒಬ್ಬರಿಗೆ ಆಗದಿದ್ದರೆ ಬರುವ ಇನ್ನೊಬ್ಬರ ಮುಖ ಅವಳಿಗೆ ಹೊಸದಾಗಿರಬಾರದು. ಹಣದ ಮಾತೂ ಅಷ್ಟರೊಳಗೆ ಮುಗಿದಿರಬೇಕು. ಮಕ್ಕಳನ್ನು ನೋಡಿಕೊಳ್ಳುವವರ ಸಂಬಳವನ್ನು ಮೊದಲು ಲೆಕ್ಕ ಹಾಕಿ, ಅದರ ಮೇಲೆ ನಿಮ್ಮ ಫೀಸು ಇಡಿ. ಹಾಗೆ ಮಾಡದಿದ್ದರೆ ಒಂದೊಂದು ಹೆರಿಗೆಗೂ ಮನೆಯಿಂದಲೇ ಹಣ ಹೋಗುತ್ತದೆ. ನನಗೆ ಮೊದಲ ವರ್ಷ ಹಾಗೇ ಆಯಿತು.

ಮಗ ಆಗ ಇನ್ನೂ ಎದೆಹಾಲು ಕುಡಿಯುತ್ತಿದ್ದ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 15, 18 ಗಂಟೆಯ ಹೆರಿಗೆಯಲ್ಲಿ ಎದೆ ಕಲ್ಲಾಗುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಿ ಕೈಯಲ್ಲಿ ಹಿಂಡಿ ಬರುತ್ತಿದ್ದೆ. ಬ್ಯಾಗಿನಲ್ಲಿ ಯಾವಾಗಲೂ ಎರಡು ಬಟ್ಟೆ ಹೆಚ್ಚಿಗೆ. ಹೊಸ ಕೂಸು ಮೊದಲ ಸಲ ಅತ್ತ ಕೂಡಲೇ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಆ ಕ್ಷಣ ಮನೆಯ ನೆನಪು ಎಷ್ಟು ಜೋರಾಗಿ ಬರುತ್ತದೆ ಅಂದರೆ, ಗಂಟಲು ಕಟ್ಟುತ್ತದೆ.

ಇನ್ನೊಂದು ಸಲ ಶುರು ಮಾಡುವುದಾದರೆ ನಾನು ಬಾಣಂತನದ ಡೌಲಾ ಆಗಿ ಶುರು ಮಾಡುತ್ತೇನೆ. ಮಗು ಹುಟ್ಟಿದ ಮೇಲಿನ ಕೆಲಸ ಅದು. ಹಗಲು, ಇಂತಿಷ್ಟು ಗಂಟೆ ಅಂತ ಮೊದಲೇ ಗೊತ್ತಿರುತ್ತದೆ. ಹಾಲು ಕುಡಿಸುವುದು, ತಾಯಿಯನ್ನು ಮಲಗಿಸುವುದು, ಅವಳ ಮಾತು ಕೇಳುವುದು. ಎರಡು ವರ್ಷದೊಳಗಿನ ಮಗು ಇರುವವರಿಗೆ ಇದೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಆದರೂ ಹೆರಿಗೆ ಕೋಣೆಯೇ ನನ್ನನ್ನು ಎಳೆಯುತ್ತಿತ್ತು. ಮಗು ತನ್ನ ಬೆನ್ನನ್ನು ತಾಯಿಯ ಬೆನ್ನಿನ ಕಡೆಗೆ ಮಾಡಿಕೊಂಡಿದ್ದರೆ ನೋವೆಲ್ಲ ಸೊಂಟದಲ್ಲೇ ಬರುತ್ತದೆ. ಅಂಥ ಒಂದು ಹೆರಿಗೆ. ಅವಳು ಮೊಣಕಾಲೂರಿ ಮಂಚಕ್ಕೆ ಒರಗಿದ್ದಳು. ನೋವು ಶುರುವಾಗುತ್ತಿದ್ದಂತೆ ಬೆನ್ನಿನ ಕೆಳಗಿನ ತ್ರಿಕೋನದ ಮೂಳೆಯ ಮೇಲೆ ಅಂಗೈಯ ಬುಡ ಒತ್ತಬೇಕು. ಸುಮಾರು ಒಂದು ನಿಮಿಷ. ನೋವು ಇಳಿದಾಗ ಮೆಲ್ಲಗೆ ಬಿಡಬೇಕು. ಮೂರು ನಿಮಿಷಕ್ಕೆ ಮತ್ತೆ. ತೋಳಿನ ಬಲದಿಂದ ಒತ್ತಿದರೆ ಅರ್ಧ ಗಂಟೆಗೇ ಮಣಿಕಟ್ಟು ಸೋಲುತ್ತದೆ. ಮೊಣಕೈ ನೇರ ಇಟ್ಟು ಮೈಭಾರ ಬಿಡಬೇಕು. ನಾಲ್ಕು ಗಂಟೆ ಹಾಗೇ ನಿಂತಿದ್ದೆ. ಅವಳು ಇಡೀ ರಾತ್ರಿ ಹೇಳಿದ್ದು ಒಂದೇ ಮಾತು: ‘ಕೈ ತೆಗೀಬೇಡಿ ಅಕ್ಕಾ.’

ಅದೇ ರಾತ್ರಿ ಅಲ್ಲಿದ್ದ ಸೂಲಗಿತ್ತಿ ಮಗುವಿನ ಎದೆಬಡಿತ ಕೇಳಿ, ಮುಖ ಸ್ವಲ್ಪವೂ ಬದಲಾಗದ ಹಾಗೆ, ‘ಎಡಗಡೆಗೆ ತಿರುಗಿ ಮಲಗಮ್ಮ’ ಅಂದರು. ಮತ್ತೆ ಕೇಳಿದರು. ಎರಡು ನಿಮಿಷದ ನಂತರ ಅವರ ಭುಜ ಸಡಿಲವಾಯಿತು. ಅವರಿಗೆ ಏನು ಕೇಳಿಸಿತು? ಏನನ್ನು ಸರಿಮಾಡಿದರು? ನಾನು ಅವರ ಪಕ್ಕದಲ್ಲೇ ನಿಂತಿದ್ದೆ, ನನಗೇನೂ ಗೊತ್ತಾಗಲಿಲ್ಲ. ಗೊತ್ತಾಗಬೇಕು ಅನ್ನಿಸಿತು.

ಮಗನಿಗೆ 5 ತುಂಬಿದಾಗ ಓದಲು ಸೇರಿದೆ. ಅಂತರರಾಷ್ಟ್ರೀಯ ಸೂಲಗಿತ್ತಿಯರ ಒಕ್ಕೂಟದ ಮಾನದಂಡದ ಪ್ರಕಾರ ನೇರವಾಗಿ ಸೇರುವವರಿಗೆ ಕನಿಷ್ಠ 3 ವರ್ಷದ ಓದು, ನರ್ಸಿಂಗ್ ಮುಗಿಸಿದವರಿಗೆ ಕನಿಷ್ಠ 18 ತಿಂಗಳು. ನಾನು ನರ್ಸ್ ಅಲ್ಲ, ಹಾಗಾಗಿ ಮೂರು ವರ್ಷ. ಬೆಳಗಿನ ಜಾವ 4ರಿಂದ 6 ನನ್ನ ಓದಿನ ಹೊತ್ತು. ರಾತ್ರಿ ಮಕ್ಕಳು ಮಲಗಿದ ಮೇಲೆ ಓದುತ್ತೇನೆ ಅಂದುಕೊಂಡಿದ್ದೆ. ಅವರನ್ನು ಮಲಗಿಸುತ್ತಾ ನಾನೂ ಮಲಗಿಬಿಡುತ್ತಿದ್ದೆ. ಬೆಳಗಿನ ಜಾವ ಹಾಗಾಗಲಿಲ್ಲ.

ಡೌಲಾ ಆಗಿದ್ದವರಿಗೆ ಈ ಓದಿನಲ್ಲಿ ಲಾಭವೂ ಇದೆ, ಕಷ್ಟವೂ ಇದೆ. ನನ್ನ ಕಣ್ಣು ಯಾವಾಗಲೂ ತಾಯಿಯ ಮುಖದ ಮೇಲೆ. ಸೂಲಗಿತ್ತಿಯ ಕಣ್ಣು ಮುಖದ ಮೇಲೂ ಇರಬೇಕು, ಗಡಿಯಾರದ ಮೇಲೂ ಇರಬೇಕು. ನೋವು ಜೋರಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಬೇಕು, ಮಗುವನ್ನು ಹೊರಗೆ ತಳ್ಳಲು ತಾಯಿ ಮುಕ್ಕರಿಯುವ ಹೊತ್ತಿನಲ್ಲಿ 5 ನಿಮಿಷಕ್ಕೊಮ್ಮೆ. ನಿಮಿಷಕ್ಕೆ 110ರಿಂದ 160ರ ಒಳಗಿದೆಯಾ? ನಾನು ಮೊದಮೊದಲು ಕೈ ಹಿಡಿದುಕೊಂಡು ಸಮಾಧಾನ ಮಾಡುತ್ತಾ ಸಮಯ ಮರೆಯುತ್ತಿದ್ದೆ. ಶಿಕ್ಷಕಿ ಒಮ್ಮೆ ಪಕ್ಕಕ್ಕೆ ಕರೆದು, ‘ಪ್ರೀತಿ ಇದೆ, ಸರಿ. ಈಗ ಎಣಿಸೋದು ಕಲಿ’ ಅಂದರು.

ರಕ್ತವನ್ನು ಅಂದಾಜು ಮಾಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಹೆರಿಗೆಯ ನಂತರ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹೋದರೆ ಅದು ಅತಿಸ್ರಾವ. ಆದರೆ ಬಟ್ಟೆ ಹೀರಿಕೊಂಡಿದ್ದನ್ನು ಕಣ್ಣಿನಲ್ಲಿ ಅಳೆಯುವಾಗ, ಹೋಗಿದ್ದು ಜಾಸ್ತಿಯಾದಷ್ಟೂ ನಾವು ಕಡಿಮೆ ಅಂದುಕೊಳ್ಳುತ್ತೇವೆ. ಅಭ್ಯಾಸಕ್ಕೆ ಮನೆಯ ಬಚ್ಚಲಿನಲ್ಲಿ ಬಣ್ಣದ ನೀರು ಕಲೆಸಿ, ಹಳೇ ಬಟ್ಟೆಗಳ ಮೇಲೆ ಸುರಿಯುತ್ತಿದ್ದೆ. ಮಗಳು ಅಳತೆಯ ಲೋಟ ಹಿಡಿದು, ನಾನು ಆ ಕಡೆ ತಿರುಗಿದಾಗ ಸುರಿಯುವಳು. ‘ಎಷ್ಟು ಹೇಳಮ್ಮಾ?’ ನಾನು 300 ಅಂದರೆ, 450 ಅನ್ನುವಳು. ವಾರಗಟ್ಟಲೆ ಹೀಗೇ. ಕೊನೆಗೆ ನನ್ನ ಅಂದಾಜು ಹತ್ತಿರ ಬಂತು. ಅವಳಿಗೆ ಆಗ 11. ಇದು ಯಾಕೆ ಕಲಿಯುತ್ತೀಯ ಅಂತ ಕೇಳಿದಾಗ ಸುಳ್ಳು ಹೇಳಲಿಲ್ಲ. ಬೇಗ ಗೊತ್ತಾದರೆ ಅಮ್ಮಂದಿರು ಉಳಿಯುತ್ತಾರೆ ಅಂದೆ.

ಓದು ಮುಗಿದ ಮೇಲೆ ಎರಡು ವರ್ಷದಿಂದ ಆಸ್ಪತ್ರೆಯಲ್ಲಿ ಪಾಳಿ. ಹೊರಗಿನವರಿಗೆ ಇದು ಜಾಸ್ತಿ ಕಷ್ಟ ಅನ್ನಿಸುತ್ತದೆ. ಮಕ್ಕಳಿರುವ ಮನೆಗೆ ಪಾಳಿಯೇ ಸುಲಭ. ಯಾವ ರಾತ್ರಿ ಇರುವುದಿಲ್ಲ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಬಹುದು. ಇದರ ಜೊತೆಗೆ ವರ್ಷಕ್ಕೆ ಮೂರು ನಾಲ್ಕು ಜನರಿಗೆ, ರಜೆ ಹೊಂದಿಸಿಕೊಂಡು, ಈಗಲೂ ಡೌಲಾ ಆಗಿ ಹೋಗುತ್ತೇನೆ. ಅಲ್ಲಿ ಸೂಲಗಿತ್ತಿಯ ಕೆಲಸಕ್ಕೆ ಕೈ ಹಾಕುವುದಿಲ್ಲ. ಅದನ್ನು ಮೊದಲ ದಿನವೇ ಬಿಡಿಸಿ ಹೇಳಿರುತ್ತೇನೆ. ರಾತ್ರಿಯೆಲ್ಲ ಎದ್ದಿದ್ದರೆ ಗಾಡಿ ಓಡಿಸುವುದಿಲ್ಲ, ಗಂಡ ಬಂದು ಕರೆದುಕೊಂಡು ಹೋಗುತ್ತಾರೆ.

ಎಲ್ಲ ಹೆರಿಗೆಯೂ ನಗುವಿನಲ್ಲಿ ಮುಗಿಯುವುದಿಲ್ಲ. ಉಸಿರಿಲ್ಲದೆ ಹುಟ್ಟಿದ ಮಗುವನ್ನು ಒರೆಸಿ, ಬಟ್ಟೆ ಸುತ್ತಿ, ತಾಯಿಯ ಕೈಗೆ ಕೊಟ್ಟು ಬಂದ ದಿನ ಮನೆ ಬಾಗಿಲಲ್ಲಿ ಮಗ ಓಡಿ ಬಂದು ತಬ್ಬಿಕೊಂಡ. ಅವನನ್ನು ಬಿಡಲು ಆಗಲಿಲ್ಲ. ಮಕ್ಕಳಿಗೆ ‘ಇವತ್ತು ಅಮ್ಮನಿಗೆ ತುಂಬಾ ಬೇಜಾರಾಗಿದೆ’ ಅಂತಷ್ಟೇ ಹೇಳಿದೆ. ಉಳಿದದ್ದನ್ನು ಹೇಳಿಕೊಳ್ಳಲು ಹಿರಿಯ ಸೂಲಗಿತ್ತಿಯೊಬ್ಬರಿದ್ದಾರೆ. ಅಂಥವರೊಬ್ಬರು ಎಲ್ಲರಿಗೂ ಬೇಕು. ಆ ಭಾರವನ್ನು ಮಕ್ಕಳ ಮೇಲೆ ಹಾಕಬಾರದು, ಹಾಗೆಯೇ ಇನ್ನೊಬ್ಬರ ಮನೆಯ ವಿಷಯ ನಮ್ಮ ಮನೆಯೊಳಗೂ ಬರಬಾರದು.

ಕಳೆದ ತಿಂಗಳು ಮಗನಿಗೆ ಟಾನ್ಸಿಲ್ ಆಪರೇಷನ್ ಇತ್ತು. ಅದೇ ವಾರದಲ್ಲಿ, ನಾಲ್ಕು ವರ್ಷದ ಹಿಂದೆ ಮೊದಲ ಹೆರಿಗೆಗೆ ನಾನು ಜೊತೆಗಿದ್ದ ಒಬ್ಬಳಿಗೆ ದಿನ ತುಂಬುತ್ತಿತ್ತು. ನೀವೇ ಬರಬೇಕು ಅಂತ ಅವಳಿಗೆ ಆಸೆ. ಆಗುವುದಿಲ್ಲ ಅಂತ ಎರಡು ತಿಂಗಳು ಮುಂಚೆಯೇ ಹೇಳಿ, ನನ್ನ ಜೋಡಿ ಡೌಲಾಳನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದೆ. ಆಪರೇಷನ್ ಆದ ಮೂರನೆಯ ರಾತ್ರಿ ನಾನು ಮಗನ ಪಕ್ಕ ಮಲಗಿದ್ದೆ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಮೆಸೇಜ್ ಬಂದಿತ್ತು. ಹೆಣ್ಣು ಮಗು, ಮೂರು ಕೆಜಿ, ಇಬ್ಬರೂ ಆರಾಮ. ಅವತ್ತು ಸಂಜೆ ಅಕ್ಕ ಮನೆಗೆ ಬಂದ ಮೇಲೆ ಹೋದೆ. ಕೂಸು ಎದೆಯನ್ನು ಸರಿಯಾಗಿ ಬಾಯಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಗಂಟೆ ಕೂತು ಅದನ್ನು ಸರಿಮಾಡಿ ಬಂದೆ.