ಫಾರ್ಮ್ಯಾಟ್ ಹೊಡೆಯದೇ ಮದರ್‌ಬೋರ್ಡ್ ಬದಲಿಸಿದ್ದು: ನನ್ನ ಅನುಭವ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಬಸವ ಜಯಂತಿಗೆ ಹದಿನೈದು ದಿನ ಇರುವಾಗ, ಮದುವೆ ಕಾರ್ಡಿನ ಕೆಲಸ ಮೈಮೇಲೆ ಬಿದ್ದಿರುವಾಗಲೇ, ಕಂಪ್ಯೂಟರ್ ಕೈಕೊಟ್ಟಿತು. ಬಟನ್ ಒತ್ತಿದರೆ ಫ್ಯಾನ್ ಎರಡು ಸುತ್ತು ತಿರುಗಿ ನಿಲ್ಲುತ್ತಿತ್ತು. ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿನಲ್ಲಿ, ಪ್ರೊಸೆಸರ್ ಪಕ್ಕದ ಮೂರು ಕೆಪ್ಯಾಸಿಟರ್‌ಗಳ (ಕರೆಂಟ್ ಹದ ಮಾಡುವ ಸಣ್ಣ ಡಬ್ಬಿಗಳ) ತಲೆ ಪೂರಿಯ ಹಾಗೆ ಉಬ್ಬಿತ್ತು. ಒಂದರ ಮೇಲೆ ಕಂದು ಅಂಟು ಒಣಗಿ ಕೂತಿತ್ತು.

ರಿಪೇರಿ ಹುಡುಗ ನೋಡಿದವನೇ ಹೇಳಿದ: “ಬೋರ್ಡ್ ಹೋಗೇತ್ರಿ ಅಣ್ಣಾರ. ಹೊಸಾದು ಹಾಕಿ ಫಾರ್ಮ್ಯಾಟ್ ಹೊಡೀಬೇಕು ನೋಡ್ರಿ.”

ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ನನಗೆ ಎದೆ ಧಸಕ್ಕೆಂದಿತು. ಕನ್ನಡ ಟೈಪಿಂಗಿನ ನುಡಿ, ಡಿಸೈನಿನ ಕೋರಲ್, ಎಲ್ಲೆಲ್ಲಿಂದಲೋ ಕೂಡಿಸಿದ ಫಾಂಟ್‌ಗಳು, ಪ್ರಿಂಟರಿನ ಬಣ್ಣದ ಸೆಟ್ಟಿಂಗ್, ಎಲ್ಲ ಮತ್ತೆ ಕೂರಿಸಬೇಕು. ಒಂದು ಫಾಂಟ್ ತಪ್ಪಿದರೂ ‘ಶ್ರೀ ಗುರು ಬಸವಲಿಂಗಾಯ ನಮಃ’ ಇದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣಿಸುತ್ತದೆ. ಕೆಟ್ಟಿದ್ದು ಬೋರ್ಡು, ಡಿಸ್ಕ್ ಅಲ್ಲವಲ್ಲ. ನಾನೇ ಕೈ ಹಾಕಿದೆ.

ಮೊದಲು ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಹಚ್ಚಿ, ಗಿರಾಕಿಗಳ ಫೈಲ್ ಎಲ್ಲ ಕಾಪಿ ಮಾಡಿಕೊಂಡೆ. ನನ್ನದು ಮೂರನೇ ತಲೆಮಾರಿನ ಐ5 ಪ್ರೊಸೆಸರ್. ಹಳೇ ಬೋರ್ಡು ಎಚ್61 ಅನ್ನುವ ಜಾತಿಯದು, ಹೊಸದನ್ನೂ ಅದೇ ಜಾತಿಯದು ತಂದೆ. ಹಾಗಾಗಿ ಹಳೇ ಪ್ರೊಸೆಸರ್, ಡಿಡಿಆರ್3 ರ‍್ಯಾಮ್ ಎರಡೂ ಉಳಿದವು. ಈ ಜಾತಿಯ ಬೋರ್ಡಿನಲ್ಲಿ ಪಿನ್‌ಗಳಿರುವುದು ಸಾಕೆಟ್‌ನಲ್ಲಿ, ಕೂದಲೆಳೆಯಷ್ಟು ತೆಳ್ಳಗೆ. ಬೆರಳು ತಾಗಿ ಒಂದು ಬಾಗಿದರೂ ಕಥೆ ಮುಗೀತು. ಬಿಚ್ಚುವ ಮುಂಚೆ ಪವರ್ ಬಟನ್ನಿನ ಸಣ್ಣ ವೈರುಗಳ ಫೋಟೋ ತೆಗೆದಿದ್ದೆ, ಅದು ಬಹಳ ಉಪಯೋಗಕ್ಕೆ ಬಂತು.

ಆನ್ ಮಾಡಿದೆ. ವಿಂಡೋಸ್ 10ರ ಲೋಗೋ ಬಂತು, ಹಿಂದೆಯೇ ನೀಲಿ ಪರದೆ: ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’, ಅಂದರೆ ವಿಂಡೋಸ್ ಇರುವ ಡಿಸ್ಕ್ ಸಿಗುತ್ತಿಲ್ಲ. ಹುಡುಗ ಹೇಳಿದ್ದೇ ಖರೆ ಅನ್ನಿಸಿತು.

ಚಹಾ ಕುಡಿದು ಬಂದು ಬಯಾಸ್ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನದೇ ಸೆಟ್ಟಿಂಗ್) ತೆರೆದೆ. ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ‘ಎಎಚ್‌ಸಿಐ’ ಅಂತಿತ್ತು. ಹಳೇ ಬೋರ್ಡಿನಲ್ಲಿ ಅದು ‘ಐಡಿಇ’ ಅನ್ನುವ ಹಳೇ ರೀತಿ ಇದ್ದಿರಬೇಕು ಅಂತ ಹೊಳೆಯಿತು. ವಿಂಡೋಸ್ ಏಳುವಾಗ ಡಿಸ್ಕ್ ಓದಲು ಬೇಕಾದ ಡ್ರೈವರನ್ನಷ್ಟೇ (ಆ ಭಾಗವನ್ನು ನಡೆಸುವ ಸಣ್ಣ ಪ್ರೋಗ್ರಾಂ) ಮೊದಲು ಎತ್ತಿಕೊಳ್ಳುತ್ತದೆ. ಮೋಡ್ ಬದಲಾದರೆ ತನ್ನ ಡಿಸ್ಕೇ ತನಗೆ ಕಾಣುವುದಿಲ್ಲ. ಐಡಿಇ ಮಾಡಿ ಸೇವ್ ಮಾಡಿದೆ. ‘ಗೆಟ್ಟಿಂಗ್ ಡಿವೈಸಸ್ ರೆಡಿ’ ಅಂತ ಬಂತು. ಶೇಕಡಾ 35, 62, 80... ಆಮೇಲೆ ನನ್ನ ಡೆಸ್ಕ್‌ಟಾಪ್, ಅರ್ಧ ಮಾಡಿಟ್ಟ ಇಂಡಿ ಊರಿನ ಗಿರಾಕಿಯ ಕಾರ್ಡು ಸಮೇತ!

ಅಲ್ಲಿಗೇ ಬಿಡಬಹುದಿತ್ತು. ಆದರೆ ನನ್ನ ಡಿಸ್ಕು ಎಸ್‌ಎಸ್‌ಡಿ, ಅಂದರೆ ಚಿಪ್ಪಿನ ವೇಗದ ಡಿಸ್ಕು, ಅದಕ್ಕೆ ಎಎಚ್‌ಸಿಐ ಚಲೋ. ಹಾಗಾಗಿ ವಿಂಡೋಸಿನ ಎಂಎಸ್‌ಕಾನ್ಫಿಗ್ ಅನ್ನುವ ಸೆಟ್ಟಿಂಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’ಗೆ ಟಿಕ್ ಹಾಕಿದೆ. ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿದೆ. ಸೇಫ್ ಮೋಡಿನಲ್ಲಿ (ಬೇಕಾದಷ್ಟೇ ಎತ್ತಿಕೊಂಡು ಏಳುವ ರೀತಿ) ವಿಂಡೋಸ್ ಹೊಸ ಡ್ರೈವರನ್ನು ತಾನೇ ಹಿಡಿಯಿತು. ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದೆ, ಅಷ್ಟೇ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಇದ್ದವರು ಮಾತ್ರ ಬೋರ್ಡ್ ಮುಟ್ಟುವ ಮುಂಚೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಆಕ್ಟಿವೇಶನ್, ಅಂದರೆ ವಿಂಡೋಸ್ ಅಸಲಿ ಅನ್ನುವ ಒಪ್ಪಿಗೆ, ಹೋಗಿತ್ತು. ವಿಂಡೋಸಿನ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಬೋರ್ಡಿಗೆ ಗಂಟು ಬಿದ್ದಿರುತ್ತದೆ. ಪುಣ್ಯಕ್ಕೆ ನನ್ನದು ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿತ್ತು. ಸೆಟ್ಟಿಂಗ್ಸ್‌ನ ಆಕ್ಟಿವೇಶನ್‌ನಲ್ಲಿ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಅನ್ನುವುದನ್ನು ಆರಿಸಬೇಕು. ಮೊದಲ ಸಲ ಆಗಲೇ ಇಲ್ಲ. ನೋಡಿದರೆ ಹೊಸ ಬೋರ್ಡಿನ ಗಡಿಯಾರ ಇನ್ನೂ 2012ರಲ್ಲೇ ಕೂತಿತ್ತು! ತಾರೀಕು ಸರಿ ಮಾಡಿದೆ, ಕೆಲಸ ಆಯಿತು.

ಸಂಜೆ ಇಂಡಿಯ ಕಾಕಾ ಬಂದರು. “ಏನಪಾ, ಕಾರ್ಡ್ ಆದವೇನು?”

“ಪ್ರೂಫ್ ತಯಾರ ಐತ್ರಿ ಕಾಕಾ, ಹೆಸರು ಒಮ್ಮೆ ನೋಡಿಬಿಡ್ರಿ.”

ಅವರು ನೋಡಿದರು. ಬೀಗರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಅದು ಮದರ್‌ಬೋರ್ಡಿನ ತಪ್ಪಲ್ಲ, ನನ್ನದು.